ಜೋಳದ ಹೊಲದ ಕಡೆ ಬಾಯಿ ತೆರೆದ ಕೊಳವೆ

ಶಾಂಪೇನ್ ಊರಿನಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಒಂದು ಸಣ್ಣ ಹಳ್ಳಿ. ಅಮೆರಿಕದ ಇಲಿನಾಯ್ ರಾಜ್ಯದ ನಟ್ಟನಡುವೆ, ಕಣ್ಣು ಹಾಯುವವರೆಗೂ ಮೆಕ್ಕೆಜೋಳ ಮತ್ತು ಸೋಯಾ ಬಿಟ್ಟರೆ ಬೇರೇನೂ ಇಲ್ಲದ ಬಯಲು. ಆ ಬಯಲಲ್ಲಿ ಐದಾರು ಅಂತಸ್ತಿನಷ್ಟು ಎತ್ತರದ, ಮೈತುಂಬ ತಗಡು ಹೊದ್ದ ಒಂದು ಮರದ ಕಟ್ಟಡ. ಕಿಟಕಿಯಿಲ್ಲ, ಜಗಲಿಯಿಲ್ಲ, ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಮನೆಯನ್ನು ಹೊತ್ತುಕೊಂಡಂತೆ ಕಾಣುತ್ತದೆ. ಅದರ ಒಂದು ಗೋಡೆಯಿಂದ ತೊಡೆಗಾತ್ರದ ತಗಡಿನ ಕೊಳವೆಯೊಂದು ಇಳಿಬಿದ್ದಿದೆ. ನೆಲ ಇನ್ನೂ ಎರಡಾಳು ಕೆಳಗಿರುವಾಗಲೇ ಕೊಳವೆ ಮುಗಿದುಹೋಗುತ್ತದೆ. ಅದರ ಬಾಯಡಿ ಏನೂ ಇಲ್ಲ. ಜೋಳದ ಹೊಲ.

ಮಗಳ ಮನೆಗೆಂದು ಹೋಗಿ ಮೂರು ತಿಂಗಳು ಅಲ್ಲಿದ್ದೆ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಸಬ್‌ಸ್ಟೇಷನ್ ಕಾದವನು ನಾನು. ಹಾಗಾಗಿ ಕೊಳವೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದರ ಹಿಂದೆ ಹಾದುಹೋಗಿದ್ದ ಕಂಬಗಳ ಸಾಲು. ಆ ಸೀಮೆಯ ಜಮೀನೆಲ್ಲ ಮೈಲಿಗೊಂದು ಗೆರೆ ಎಳೆದು ಚೌಕ ಚೌಕ ಮಾಡಿಟ್ಟದ್ದು. ರಸ್ತೆ, ಬದು, ಬೇಲಿ ಎಲ್ಲವೂ ಪೂರ್ವ-ಪಶ್ಚಿಮ ಇಲ್ಲವೇ ಉತ್ತರ-ದಕ್ಷಿಣ. ಈ ಕಂಬಗಳು ಮಾತ್ರ ಚೌಕಗಳನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತಿದ್ದವು. ಲೈನ್ ಎಳೆದವರಿಗೆ ಗೊತ್ತು, ರೈತ ಸುಮ್ಮನೆ ತನ್ನ ಹೊಲದ ಮಧ್ಯೆ ಓರೆಯಾಗಿ ಕಂಬ ನೆಡಲು ಬಿಡುವುದಿಲ್ಲ. ಅಲ್ಲಿ ಮೊದಲೇ ಯಾರದೋ ದಾರಿ ಇದ್ದಿರಬೇಕು.

ಇತ್ತು. ಅದು ಕರೆಂಟಿನ ರೈಲಿನ ದಾರಿ.

ಟ್ರಾಮಿಗೂ ರೈಲಿಗೂ ನಡುವಿನ ಈ ಜಾತಿಯನ್ನು ಅಮೆರಿಕದವರು ‘ಇಂಟರ್‌ಅರ್ಬನ್’ ಎಂದು ಕರೆಯುತ್ತಿದ್ದರು. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರು ರಿಚ್ಮಂಡ್ ನಗರದಲ್ಲಿ ತಲೆಯ ಮೇಲಿನ ತಂತಿಯಿಂದ ಕರೆಂಟು ಹೀರುವ ಟ್ರಾಮನ್ನು ನೆಟ್ಟಗೆ ಓಡಿಸಿ ತೋರಿಸಿದ. ಪೇಟೆಯೊಳಗೆ ಓಡುವುದು ಪೇಟೆ ದಾಟಿ ಯಾಕೆ ಓಡಬಾರದು ಎಂದು ಇತರರಿಗೆ ಹೊಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಹತ್ತೇ ವರ್ಷದಲ್ಲಿ ಊರಿಂದೂರಿಗೆ, ಹೊಲದ ಪಕ್ಕದಲ್ಲೇ, ಒಂದೇ ಡಬ್ಬಿಯ ಕರೆಂಟು ಬಂಡಿಗಳು ಓಡತೊಡಗಿದವು. ಹಬೆಯ ರೈಲು ದಿನಕ್ಕೆ ಎರಡು ಮೂರು ಸಲ ಬಂದರೆ ಇದು ಗಂಟೆಗೊಂದು ಬರುತ್ತಿತ್ತು. ಕೈ ತೋರಿಸಿದಲ್ಲಿ ನಿಲ್ಲುತ್ತಿತ್ತು. 1916ರ ಹೊತ್ತಿಗೆ ಇಡೀ ದೇಶದಲ್ಲಿ ಇಂಥ ಹಳಿ ಸುಮಾರು 25,000 ಕಿಲೋಮೀಟರ್ ಇತ್ತು. ಮುಂದಿನ ಇಪ್ಪತ್ತು-ಇಪ್ಪತ್ತೈದು ವರ್ಷದಲ್ಲಿ ಅದರಲ್ಲಿ ಬಹುಪಾಲು ಮಾಯ. ಇಷ್ಟು ಬೇಗ ಬೆಳೆದು ಇಷ್ಟು ಬೇಗ ಸತ್ತ ಉದ್ಯಮ ಕಡಿಮೆ.

ನಾನು ನೋಡಿದ ಕಂಬಗಳ ದಾರಿ ‘ಇಲಿನಾಯ್ ಟ್ರ್ಯಾಕ್ಷನ್’ ಎಂಬ ಜಾಲದ್ದು. ಮುಂದೆ ಅದರ ಹೆಸರು ‘ಇಲಿನಾಯ್ ಟರ್ಮಿನಲ್’ ಆಯಿತು. ಕಟ್ಟಿದವರು ವಿಲಿಯಂ ಬಿ. ಮೆಕಿನ್ಲಿ. ಅಧ್ಯಕ್ಷ ಮೆಕಿನ್ಲಿ ಬೇರೆ, ಇವರು ಬೇರೆ. ಇವರು ಶಾಂಪೇನಿನವರು, ಕಾಂಗ್ರೆಸ್ ಸದಸ್ಯರಾಗಿ ಆಮೇಲೆ ಸೆನೆಟರೂ ಆದವರು. 20ನೆಯ ಶತಮಾನದ ಮೊದಲ ಹತ್ತು ವರ್ಷದಲ್ಲಿ ಡ್ಯಾನ್‌ವಿಲ್, ಶಾಂಪೇನ್, ಡಿಕೇಟರ್, ಸ್ಪ್ರಿಂಗ್‌ಫೀಲ್ಡ್, ಬ್ಲೂಮಿಂಗ್‌ಟನ್, ಪಿಯೋರಿಯಾ ಊರುಗಳನ್ನು ಪೋಣಿಸಿಕೊಂಡು ಹಳಿ ಸೇಂಟ್ ಲೂಯಿಸ್ ಕಡೆ ಹೋಯಿತು. ಒಟ್ಟು 640 ಕಿಲೋಮೀಟರಿಗೂ ಹೆಚ್ಚು. ದಾರಿಗೆ ಅಡ್ಡವಾಗಿದ್ದ ಮಿಸಿಸಿಪ್ಪಿ ನದಿಗೆ ಸ್ವಂತ ಸೇತುವೆಯನ್ನೇ ಕಟ್ಟಿಸಿದರು. 1910ರ ನವೆಂಬರಿನಲ್ಲಿ ತೆರೆದ ಆ ಮೆಕಿನ್ಲಿ ಸೇತುವೆಯ ಮೇಲೆ ಇವತ್ತು ಕಾರು, ಸೈಕಲ್ಲು ಓಡುತ್ತವೆ.

ಈ ರೈಲಿನ ಬಗ್ಗೆ ಬರೆಯುವವರೆಲ್ಲ ಪ್ರಯಾಣಿಕರ ಡಬ್ಬಿಗಳ ಸೊಬಗನ್ನೇ ಹೇಳುತ್ತಾರೆ. ಸೇಂಟ್ ಲೂಯಿಸ್‌ನಿಂದ ಪಿಯೋರಿಯಾಕ್ಕೆ ಮಲಗಿಕೊಂಡು ಹೋಗುವ ಸ್ಲೀಪರ್ ಡಬ್ಬಿ ಕೂಡ ಇತ್ತು, 1940ರವರೆಗೂ ಓಡಿತು. ಟ್ರಾಮಿನ ವಂಶದ ಬಂಡಿಯಲ್ಲಿ ಹಾಸಿಗೆ! ಒಪ್ಪಿದೆ, ಸೊಗಸೇ. ಆದರೆ ಅಕ್ಕಪಕ್ಕದ ಇಂಟರ್‌ಅರ್ಬನ್‌ಗಳೆಲ್ಲ 1930ರ ಆಸುಪಾಸಿನಲ್ಲೇ ಕಣ್ಣು ಮುಚ್ಚಿದಾಗ ಇದು 1956ರವರೆಗೆ ಪ್ರಯಾಣಿಕರನ್ನು ಹೊತ್ತದ್ದು ಹಾಸಿಗೆಯ ದುಡ್ಡಿನಿಂದಲ್ಲ. ಕಲ್ಲಿದ್ದಲು ಮತ್ತು ಕಾಳಿನಿಂದ. ಆ ತಗಡಿನ ಕೊಳವೆಯ ಕಥೆ ಗೊತ್ತಾಗದೆ ಈ ರೈಲಿನ ಕಥೆ ಗೊತ್ತಾಗುವುದಿಲ್ಲ.

ಆ ಕಟ್ಟಡಕ್ಕೆ ಅಲ್ಲಿನವರು ‘ಎಲಿವೇಟರ್’ ಎನ್ನುತ್ತಾರೆ. ನಮಗೆ ಎಲಿವೇಟರ್ ಅಂದರೆ ಲಿಫ್ಟು. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಯೊಳಗೆ ಹೋದವರಿಗೆ ಮಾತ್ರ ಇನ್ನೊಂದು ಅರ್ಥ ಗೊತ್ತು: ಗುಂಡಿಯಲ್ಲಿ ಸುರಿದ ಭತ್ತವನ್ನು ಬೆಲ್ಟಿಗೆ ಕಟ್ಟಿದ ಬಟ್ಟಲುಗಳು ಮೊಗೆದು ಮೊಗೆದು ಮೇಲಿನ ಅಂತಸ್ತಿಗೆ ಒಯ್ಯುವ ಉದ್ದನೆಯ ಪೆಟ್ಟಿಗೆ. ಇಲಿನಾಯ್‌ನ ಆ ಕಟ್ಟಡದ ಗುಟ್ಟೂ ಅದೇ. ಒಂದು ಬಟ್ಟಲು-ಬೆಲ್ಟು, ಅದರ ಸುತ್ತ ಒಂದು ಕಣಜ. 1842ರಲ್ಲಿ ಬಫಲೋ ಬಂದರಿನಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ್ನು ಇಟ್ಟುಕೊಂಡು ಹಬೆ ಯಂತ್ರದಿಂದ ಇಂಥದ್ದನ್ನು ಮೊದಲು ಕಟ್ಟಿಸಿದ. ಅದಕ್ಕೆ ಮೊದಲು ಹಡಗಿನ ಕಾಳನ್ನು ಆಳುಗಳು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು.

ಯಂತ್ರಕ್ಕಿಂತ ಅದರ ಹಿಂದಿನ ಲೆಕ್ಕ ದೊಡ್ಡದು. ದಾವಣಗೆರೆ ಮಾರುಕಟ್ಟೆಯಲ್ಲಿ ನಾವು ಮೆಕ್ಕೆಜೋಳವನ್ನು (ನಮ್ಮ ಬಾಯಲ್ಲಿ ಅದು ಗೋವಿನಜೋಳ) ಚೀಲದಲ್ಲಿ ಎಣಿಸುತ್ತೇವೆ. ಚೀಲ ತುಂಬುವವರು, ಹೊಲಿಯುವವರು, ಹೊರುವ ಹಮಾಲರು, ಒಬ್ಬೊಬ್ಬರಿಗೂ ಒಂದೊಂದು ಕೂಲಿ. ಇಂಥ ರೈತನ ಚೀಲ ಇದು ಎಂಬ ಗುರುತು ಕೊನೆಯವರೆಗೂ ಉಳಿಯುತ್ತದೆ. ಎಲಿವೇಟರ್ ಬಂದಲ್ಲಿ ಚೀಲ ಹೋಯಿತು. ಕಾಳನ್ನು ನೀರಿನಂತೆ ನೋಡಲು ಜನ ಕಲಿತರು. ಮೇಲಕ್ಕೆ ಒಮ್ಮೆ ಎತ್ತಿದರಾಯಿತು, ಮುಂದಿನದನ್ನೆಲ್ಲ ಇಳಿಜಾರು ನೋಡಿಕೊಳ್ಳುತ್ತದೆ. ಹತ್ತು ರೈತರ ಕಾಳು ಒಂದೇ ಗೂಡಿನಲ್ಲಿ ಬೆರೆತುಹೋಗುತ್ತದೆ. ರೈತನ ಕೈಯಲ್ಲಿ ಉಳಿಯುವುದು ಒಂದು ಚೀಟಿ: ಇಂಥ ದರ್ಜೆಯ ಕಾಳು, ಇಷ್ಟು ಬುಶೆಲ್. ಜೋಳದ ಒಂದು ಬುಶೆಲ್ ಅಂದರೆ 56 ಪೌಂಡು, ಸುಮಾರು ಇಪ್ಪತ್ತೈದೂವರೆ ಕಿಲೋ. ಬೆರೆಸಿದ ಮೇಲೆ ನಂಬಿಕೆಯ ಪ್ರಶ್ನೆ ಬಂದೇ ಬರುತ್ತದೆ. ತೂಕದಲ್ಲಿ ಮೋಸ, ಬಾಡಿಗೆಯಲ್ಲಿ ಸುಲಿಗೆ ಎಂದು ಇಲಿನಾಯ್ ರೈತರು ಎದ್ದು ಕೂತರು. ಕಣಜದ ದರವನ್ನು ಸರ್ಕಾರ ಕಟ್ಟಿಹಾಕಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1877ರಲ್ಲಿ ‘ಹೌದು, ಕಟ್ಟಿಹಾಕಬಹುದು’ ಎಂಬ ತೀರ್ಪು ಬಂತು. ಆ ದೇಶದಲ್ಲಿ ಖಾಸಗಿ ವ್ಯಾಪಾರದ ಮೇಲೆ ಸರ್ಕಾರದ ಹಿಡಿತದ ಮಾತು ಬಂದಾಗಲೆಲ್ಲ ವಕೀಲರು ಇವತ್ತಿಗೂ ಅದನ್ನು ಎತ್ತುತ್ತಾರೆ.

ಹಳ್ಳಿಯ ಎಲಿವೇಟರ್ ಒಳಗೆ ಕಾಳು ಹೋಗುವ ದಾರಿ ಹೀಗೆ. ಕಟ್ಟಡದ ಪಕ್ಕಕ್ಕೆ ಹೊಂದಿಕೊಂಡು, ಎರಡೂ ಕಡೆ ಬಾಗಿಲಿರುವ ಒಂದು ಪಡಸಾಲೆ. ಗಾಡಿ ಈ ಬಾಗಿಲಿಂದ ಬಂದು ಆ ಬಾಗಿಲಿಂದ ಹೋಗುತ್ತದೆ. ಬರುವಾಗ ತುಂಬಿದ ಗಾಡಿಯ ತೂಕ, ಹೋಗುವಾಗ ಖಾಲಿ ಗಾಡಿಯ ತೂಕ. ನಡುವೆ ನೆಲದಲ್ಲಿ ಸರಳುಗಳ ಜಾಲರಿ. ಗಾಡಿಯ ಮುಂದಿನ ಗಾಲಿಗಳನ್ನು ರಾಟೆ ಹಾಕಿ ಎತ್ತಿದರೆ ಕಾಳು ಹಿಂದಿನಿಂದ ಜಾರಿ ಗುಂಡಿಗೆ ಬೀಳುತ್ತದೆ. ಗುಂಡಿಯ ತಳದಿಂದ ಬಟ್ಟಲುಗಳು ಮೊಗೆದು ನೆತ್ತಿಯ ಮೇಲಿನ ಪುಟ್ಟ ಮನೆಗೆ ಒಯ್ಯುತ್ತವೆ. ಅಲ್ಲಿ ಒಂದು ತಿರುಗುವ ಮೂತಿ ಇದೆ. ಕೆಳಗಿನಿಂದಲೇ ಅದನ್ನು ತಿರುಗಿಸಿ ಯಾವ ಗೂಡಿಗೆ ಬೇಕೋ ಆ ಗೂಡಿಗೆ ಕಾಳು ಬಿಡಬಹುದು. ಮಾರಾಟದ ದಿನ ಗೂಡಿನ ಕಾಳನ್ನು ಮತ್ತೆ ಗುಂಡಿಗಿಳಿಸಿ, ಮತ್ತೆ ಮೇಲೆತ್ತಿ, ಈ ಸಲ ಹೊರಗೋಡೆಯ ಕೊಳವೆಗೆ ಬಿಡುತ್ತಾರೆ. ಕೊಳವೆಯ ಬಾಯಡಿ ರೈಲಿನ ಡಬ್ಬಿ ಬಂದು ನಿಂತಿರುತ್ತದೆ.

ನಿಂತಿರುತ್ತಿತ್ತು ಎನ್ನಬೇಕು. ಬಾಯಿ ನೆಲದಿಂದ ಎರಡಾಳೆತ್ತರದಲ್ಲಿ ಏಕಿದೆ ಎಂಬುದಕ್ಕೆ ಉತ್ತರ ಇಷ್ಟೇ.

ಗೋಡೆಗಳನ್ನು ಕಟ್ಟಿರುವ ರೀತಿ ನೋಡಬೇಕು. ಕಾಳಿನ ಒತ್ತಡ ಹೊರಮುಖಕ್ಕೆ; ಸಾಮಾನ್ಯ ಹಲಗೆ ಗೋಡೆ ಉಬ್ಬಿ ಒಡೆಯುತ್ತದೆ. ಅದಕ್ಕೆ ಹಲಗೆಗಳನ್ನು ನಿಲ್ಲಿಸದೆ ಅಡ್ಡ ಮಲಗಿಸಿ, ಒಂದರ ಮೇಲೊಂದು ಪೇರಿಸಿ ಮೊಳೆ ಹೊಡೆದಿರುತ್ತಾರೆ. ಗೋಡೆಯ ದಪ್ಪ ಅಂದರೆ ಹಲಗೆಯ ಅಗಲ. ಹೊರಗೆ ತಗಡು ಹೊದಿಸಿದ್ದು ಮಳೆಗೆ ಮಾತ್ರವಲ್ಲ, ಬೆಂಕಿಗೆ. ಹಬೆ ಎಂಜಿನ್ ಉಗುಳುವ ಕಿಡಿಯೊಂದು ಸಾಕು, ಒಣ ಮರ, ಒಣ ಕಾಳು, ಗಾಳಿಯಲ್ಲಿ ತೇಲುವ ಹಿಟ್ಟಿನಂಥ ಧೂಳು ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕರೆಂಟಿನ ರೈಲಿಗೆ ಕೆಂಡವಿಲ್ಲ, ಹೊಗೆಯಿಲ್ಲ. ಒಳಗೆ ನೋಡುವ ಆಸೆಯಿದ್ದವರು ಅಟ್ಲಾಂಟಾ ಎಂಬ ಊರಿಗೆ ಹೋಗಬೇಕು. ಜಾರ್ಜಿಯಾದ ಅಟ್ಲಾಂಟಾ ಅಲ್ಲ, ಇಲಿನಾಯ್‌ನದೇ ಒಂದು ಪುಟ್ಟ ಊರು, ಹಳೆಯ ರೂಟ್ 66ರ ಮೇಲೆ. 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಹಾಸ್ ಎಂಬುವರ ಮರದ ಎಲಿವೇಟರನ್ನು ಊರವರು ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಅದು ಕರೆಂಟಿನ ಹಳಿಯದ್ದಲ್ಲ, ಆದರೂ ಅದೇ ಕಾಲದ್ದು.

ಇಂಥ ಕಣಜಗಳು ಎಂಟು ಹತ್ತು ಕಿಲೋಮೀಟರಿಗೊಂದರಂತೆ ಏಕಿವೆ? ಕುದುರೆ ಗಾಡಿ ಬೆಳಿಗ್ಗೆ ಹೊರಟು ಕಾಳು ಸುರಿದು ಕತ್ತಲೊಳಗೆ ಮನೆಗೆ ಮರಳಬೇಕು, ಅದಕ್ಕೆ. ನಮ್ಮಲ್ಲಿ ಎತ್ತಿನ ಗಾಡಿಯ ಲೆಕ್ಕದಲ್ಲಿ ಸಂತೆಗಳು ಹುಟ್ಟಿಕೊಂಡಂತೆಯೇ. ಅಲ್ಲಿನ ಮಣ್ಣು ಎರೆಗಿಂತ ಕಪ್ಪು. ಮಳೆ ಬಿದ್ದರೆ ಗಾಲಿಯ ಗುಂಬದವರೆಗೆ ಹೂತುಹೋಗುತ್ತದೆ. ಗಟ್ಟಿ ರಸ್ತೆಯಿಲ್ಲದ ಕಾಲದಲ್ಲಿ ಹಳಿ ಬಿಟ್ಟರೆ ಗತಿಯಿರಲಿಲ್ಲ. ಹಳಿ ಇದ್ದರೂ ಸುಗ್ಗಿಯಲ್ಲಿ ಡಬ್ಬಿ ಸಿಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ತಿಂಗಳಲ್ಲಿ ಡಬ್ಬಿ ಬೇಕು. ಇರುವುದು ಒಂದೇ ಹಬೆ ರೈಲು ಕಂಪನಿ. ಅದು ಹೇಳಿದ್ದೇ ದರ, ಕೊಟ್ಟಿದ್ದೇ ಡಬ್ಬಿ. ಇಂಥಲ್ಲಿ ಪಕ್ಕದಲ್ಲೇ ಇನ್ನೊಂದು ಹಳಿ ಬಂದು, ಅದರವರು ‘ನಾವೂ ಕಾಳು ಒಯ್ಯುತ್ತೇವೆ’ ಎಂದರೆ ರೈತರಿಗೆ ಹೇಗಾಗಿರಬೇಡ. ಊರೇ ಇಲ್ಲದ ಕಡೆ ಹೊಲದ ನಡುವೆ ಒಂದು ಸೈಡಿಂಗ್ (ಡಬ್ಬಿ ನಿಲ್ಲಿಸುವ ಪಕ್ಕದ ಹಳಿ), ಸೈಡಿಂಗ್ ಪಕ್ಕ ಒಂದು ಎಲಿವೇಟರ್, ಹೀಗೆ ಎಷ್ಟೋ ಎದ್ದವು.

ಹೇಳಿದಷ್ಟು ಸಲೀಸಾಗಿ ಕಾಳು ಸಾಗಲಿಲ್ಲ. ಇಂಟರ್‌ಅರ್ಬನ್ ಊರೊಳಗೆ ಬಂದಾಗ ಪೇಟೆ ಬೀದಿಯ ನಡುವೆಯೇ, ಟ್ರಾಮಿನ ಹಳಿಯ ಮೇಲೆ ಓಡಬೇಕು. ಬೀದಿಯ ಮೂಲೆಯಲ್ಲಿ ಟ್ರಾಮು ಗಿರ್ರನೆ ತಿರುಗುತ್ತದೆ. ಹನ್ನೆರಡು ಮೀಟರ್ ಉದ್ದದ ಗೂಡ್ಸ್ ಡಬ್ಬಿ ಅಲ್ಲಿ ತಿರುಗಲಾರದು. ತಿರುಗಿದರೂ ಅಂಗಡಿ ಸಾಲಿನ ಮುಂದೆ ಇಪ್ಪತ್ತು ಡಬ್ಬಿಯ ಗೂಡ್ಸ್ ಹೋಗುವುದನ್ನು ಯಾವ ಊರಿನವರು ಸಹಿಸುತ್ತಾರೆ? ಹೆಚ್ಚಿನ ಇಂಟರ್‌ಅರ್ಬನ್‌ಗಳು ಇಲ್ಲೇ ಸೋತವು. ಮೆಕಿನ್ಲಿಯವರ ಜಾಣತನವೂ ಇಲ್ಲೇ. ಸ್ಪ್ರಿಂಗ್‌ಫೀಲ್ಡ್, ಡಿಕೇಟರ್‌ನಂಥ ದೊಡ್ಡ ಊರುಗಳ ಹೊರಗೆ ಸುತ್ತುಹಳಿ ಹಾಕಿಸಿದರು, ಇವತ್ತಿನ ರಿಂಗ್ ರೋಡಿನ ಹಾಗೆ. ಪ್ರಯಾಣಿಕರು ಊರೊಳಗಿಂದ, ಗೂಡ್ಸು ಊರಾಚೆಯಿಂದ. ಡಿಕೇಟರ್‌ನ ಸ್ವಂತ ವರ್ಕ್‌ಶಾಪಿನಲ್ಲಿ ಗೂಡ್ಸ್ ಎಳೆಯುವ ಭಾರಿ ಕರೆಂಟ್ ಎಂಜಿನ್‌ಗಳನ್ನು ಕಟ್ಟಿದರು. ದೊಡ್ಡದಕ್ಕೆ ಎಂಟು ಅಚ್ಚು, ಎಲ್ಲಕ್ಕೂ ಮೋಟರು. ಹಬೆ ರೈಲಿನವರು ಇವರೊಂದಿಗೆ ಡಬ್ಬಿ ಅದಲುಬದಲು ಮಾಡಿಕೊಳ್ಳಲು ಮೊದಮೊದಲು ಒಪ್ಪಲಿಲ್ಲ. ‘ನೀವು ಟ್ರಾಮಿನವರು, ನಿಮಗ್ಯಾಕೆ ಗೂಡ್ಸು’ ಎಂಬ ಧೋರಣೆ. ಅದನ್ನೂ ಜಗ್ಗಾಡಿ ಗೆದ್ದುಕೊಂಡರು.

ಇನ್ನು ಕರೆಂಟಿನ ವಿಷಯ. ಇದು ನನ್ನ ಅಡುಗೆಮನೆ, ತುಸು ಹೆಚ್ಚು ಹೊತ್ತು ಕೂತರೆ ಓದುಗರು ಕ್ಷಮಿಸಬೇಕು.

ತಲೆಯ ಮೇಲಿನ ತಂತಿಯಲ್ಲಿ ಹರಿಯುತ್ತಿದ್ದುದು 600 ವೋಲ್ಟ್ ಆಸುಪಾಸಿನ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಮೋಟರಿಗೆ ಅದು ಹಿತ, ದೂರಕ್ಕೆ ಅದು ಶತ್ರು. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚು ಹರಿಯಬೇಕು. ತಂತಿಯಲ್ಲಿ ಸೋರುವ ಶಕ್ತಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೊನೆಯ ಹೊಲಕ್ಕೆ ಕಾಲುವೆ ನೀರು ಮುಟ್ಟದಂತೆ, ಸಬ್‌ಸ್ಟೇಷನ್‌ನಿಂದ ದೂರ ಹೋದ ರೈಲಿಗೆ ಕರೆಂಟು ಸೊರಗುತ್ತದೆ. ಆದ್ದರಿಂದ ಪವರ್‌ಹೌಸಿನಿಂದ ಹೆಚ್ಚಿನ ವೋಲ್ಟೇಜಿನ ಎ.ಸಿ.ಯನ್ನು (ದಿಕ್ಕು ಬದಲಿಸುತ್ತ ಹರಿಯುವ ಕರೆಂಟನ್ನು) ಹಳಿಯ ಪಕ್ಕದ ಕಂಬಗಳ ಮೇಲೆ ತಂದು, ಹದಿನೈದಿಪ್ಪತ್ತು ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಕಟ್ಟಿ, ಅಲ್ಲಿ ಡಿ.ಸಿ. ಮಾಡಿ ತಂತಿಗೆ ಬಿಡುತ್ತಿದ್ದರು. ಇವತ್ತು ಈ ಕೆಲಸವನ್ನು ಒಂದು ಬೀರುವಿನೊಳಗಿನ ಡಯೋಡುಗಳು ಮಾಡುತ್ತವೆ. ಆಗ ಇದ್ದದ್ದು ರೋಟರಿ ಕನ್ವರ್ಟರ್, ಆನೆಮರಿ ಗಾತ್ರದ ತಿರುಗುವ ಯಂತ್ರ. ಒಂದು ಕಡೆಯ ಉಂಗುರಗಳಿಗೆ ಎ.ಸಿ. ಕೊಟ್ಟರೆ ಇನ್ನೊಂದು ಕಡೆಯ ಕಮ್ಯುಟೇಟರಿನಿಂದ ಡಿ.ಸಿ. ಬರುತ್ತದೆ. ಅದಕ್ಕೆ ಒಬ್ಬ ಆಳು ಕಾವಲಿರಲೇಬೇಕು. ಕಾವಲಿರುವವನು ಸುಮ್ಮನೆ ಯಾಕೆ ಕೂರಬೇಕೆಂದು ಹಲವು ಕಡೆ ಅದೇ ಕಟ್ಟಡದಲ್ಲಿ ಟಿಕೆಟ್ ಕಿಟಕಿಯನ್ನೂ ತೆರೆದಿದ್ದರು. ಸಬ್‌ಸ್ಟೇಷನ್‌ನಲ್ಲಿ ನಾನು ಕಳೆದ ರಾತ್ರಿಪಾಳಿಗಳನ್ನು ನೆನೆದರೆ, ಪಕ್ಕದಲ್ಲಿ ಟಿಕೆಟಿಗೆ ಬಂದವರ ಮಾತುಕತೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನಿಸುತ್ತದೆ.

ಈ ಯಂತ್ರಕ್ಕೆ ಒಂದು ಚಪಲ ಇತ್ತು. ಎ.ಸಿ.ಯ ಆವರ್ತನ, ಅಂದರೆ ಸೆಕೆಂಡಿಗೆ ಅದು ಹೋಗಿಬರುವ ಸುತ್ತುಗಳ ಲೆಕ್ಕ, ಹೆಚ್ಚಾದರೆ ಕಮ್ಯುಟೇಟರಿನಲ್ಲಿ ಕಿಡಿ ಹಾರುತ್ತಿತ್ತು. ಹಾಗಾಗಿ ಆ ಕಾಲದ ಕರೆಂಟ್ ರೈಲುಗಳಿಗೆ ಸಾಮಾನ್ಯವಾಗಿ 25 ಹರ್ಟ್ಜ್ ಎ.ಸಿ. ಕೊಡುತ್ತಿದ್ದರು. ನಮ್ಮವರಿಗೆ ಈ 25 ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ಹೋಯಿತಲ್ಲ, ಅದೂ 25 ಹರ್ಟ್ಜ್‌ನದೇ. ಅಲ್ಲಿನ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಇಲಿನಾಯ್‌ನ ಜೋಳದ ಹೊಲದಲ್ಲಿ ಮೆಕಿನ್ಲಿ ಕಂಬ ನೆಡುತ್ತಿದ್ದಾಗಲೇ ಮಂಡ್ಯ, ಕೋಲಾರ ಸೀಮೆಯ ರಾಗಿ ಹೊಲಗಳ ಮೇಲೂ ಅದೇ ತಲೆಮಾರಿನ ವಿದ್ಯುತ್ತು ಹಾದುಹೋಗುತ್ತಿತ್ತು.

ಹಳಿಯ ಗುರುತು ಹಿಡಿಯಲು ಈಗ ಕಣ್ಣು ಪಳಗಿತು. ಮೊದಲ ಸುಳಿವು ಆ ಓರೆ ಕಂಬಗಳೇ. ರೈಲಿಗೂ ಊರಿನ ದೀಪಕ್ಕೂ ಕರೆಂಟು ಒಂದೇ ಒಡೆತನದ ಮನೆಯಿಂದ ಬರುತ್ತಿತ್ತು. ಮೆಕಿನ್ಲಿಯವರ ವಿದ್ಯುತ್ ವ್ಯವಹಾರವೇ ಮುಂದೆ ಇಲಿನಾಯ್ ಪವರ್ ಎಂಬ ಕಂಪನಿಯಾಯಿತು. ಹಳಿ ಕಿತ್ತ ಮೇಲೂ ದಾರಿಯ ಹಕ್ಕು ಕರೆಂಟಿನವರ ಬಳಿ ಉಳಿದ ಕಡೆ ಕಂಬ ಉಳಿಯಿತು. ಇನ್ನೊಂದು ಸುಳಿವು, ಹಳ್ಳಿಯ ಅಂಚಿನಲ್ಲಿ ಒಂಟಿಯಾಗಿ ನಿಂತ ಇಟ್ಟಿಗೆಯ ಕಟ್ಟಡ: ಮನೆಗೆ ಬೇಡದಷ್ಟು ಎತ್ತರದ ಕಿಟಕಿ, ಗೋಡೆಯ ಮೇಲ್ಭಾಗದಲ್ಲಿ ತಂತಿ ಒಳಬರಲು ಬಿಟ್ಟ ತೂತುಗಳು. ಅದನ್ನು ಗ್ಯಾರೇಜೆಂದೋ ಗೋದಾಮೆಂದೋ ಬಳಸುತ್ತಿರುವವರಿಗೆ ಆ ತೂತು ಯಾಕೆಂದು ಗೊತ್ತಿರಬೇಕಾಗಿಲ್ಲ. ನನಗೆ ಮಾತ್ರ ಹಳೆಯ ಸಹೋದ್ಯೋಗಿಯನ್ನು ಕಂಡಷ್ಟು ಸಂತೋಷವಾಗುತ್ತದೆ. ಹಳ್ಳ ದಾಟುವಲ್ಲಿ ಪಕ್ಕಕ್ಕೆ ನೋಡಿದರೆ ಗಿಡಗಂಟಿಯೊಳಗೆ ಎದುರುಬದುರಾಗಿ ಎರಡು ಕಾಂಕ್ರೀಟ್ ಕಟ್ಟೆ, ನಡುವೆ ಸೇತುವೆಯಿಲ್ಲ. ಸ್ಪ್ರಿಂಗ್‌ಫೀಲ್ಡ್‌ನಿಂದ ಚಾಟಮ್ ಊರಿಗೆ ಹೋಗುವ ಸೈಕಲ್ ದಾರಿಗಂತೂ ‘ಇಂಟರ್‌ಅರ್ಬನ್ ಟ್ರೇಲ್’ ಎಂದೇ ಹೆಸರು. ಶಾಂಪೇನ್ ಪೇಟೆಯೊಳಗೆ ಜೋಸೆಫ್ ರೋಯರ್ ಎಂಬ ಸ್ಥಳೀಯ ವಾಸ್ತುಶಿಲ್ಪಿ ಕಂಪನಿಗಾಗಿ ಕಟ್ಟಿದ ಕಚೇರಿ ಇನ್ನೂ ಇದೆ. ತಮಾಷೆಯೆಂದರೆ, ವಿಶ್ವವಿದ್ಯಾಲಯಕ್ಕೆ ಬರುವ ನಮ್ಮ ಹುಡುಗರು ಶಿಕಾಗೊ ಬಸ್ಸಿನಿಂದ, ರೈಲಿನಿಂದ ಇಳಿಯುವ ನಿಲ್ದಾಣದ ಹೆಸರೂ ‘ಇಲಿನಾಯ್ ಟರ್ಮಿನಲ್’. ಆದರೆ ಅದು 1999ರಲ್ಲಿ ಕಟ್ಟಿದ್ದು, ಅಲ್ಲಿನ ರೈಲು ಓಡುವುದು ಹಳೆಯ ಎದುರಾಳಿ ಇಲಿನಾಯ್ ಸೆಂಟ್ರಲ್ ಹಾಕಿದ ಹಳಿಯ ಮೇಲೆ.

ಎಲಿವೇಟರ್ ಕೊಡುವ ಸುಳಿವು ಎಲ್ಲಕ್ಕಿಂತ ನಿಖರ. ಕಟ್ಟಡದ ಒಂದು ಮೈ ಗಾಡಿಯ ಕಡೆ, ಇನ್ನೊಂದು ಮೈ ಹಳಿಯ ಕಡೆ. ಗಾಡಿಯ ಕಡೆ ಪಡಸಾಲೆ, ಹಳಿಯ ಕಡೆ ಕೊಳವೆ. ಕಟ್ಟಡ ರಸ್ತೆಗೆ ಓರೆಯಾಗಿದ್ದರೆ ಹಳಿಯೂ ರಸ್ತೆಗೆ ಓರೆಯಾಗಿತ್ತು ಎಂದೇ ಅರ್ಥ. ಪಕ್ಕದಲ್ಲಿ ಜೀವಂತ ರೈಲು ಹಳಿ ಇದ್ದೂ ಎಲಿವೇಟರ್ ಅದಕ್ಕೆ ಬೆನ್ನು ಹಾಕಿ ನಿಂತಿದ್ದರೆ ಇನ್ನೂ ಚೆನ್ನ: ಅದರ ನೆಂಟಸ್ತನ ಇನ್ನೊಂದು ಹಳಿಯೊಂದಿಗೆ ಇತ್ತು.

ಕೊಳವೆಯಡಿ ಡಬ್ಬಿ ತುಂಬುವುದು ಸುಖದ ಕೆಲಸವಾಗಿರಲಿಲ್ಲ. ಆಗಿನ ಡಬ್ಬಿಗಳು ಸಾಮಾನು ಸಾಗಿಸುವ ಮುಚ್ಚಿದ ಡಬ್ಬಿಗಳು, ಬಾಗಿಲು ಪಕ್ಕದಲ್ಲಿ. ಬಾಗಿಲು ತೆರೆದು, ಎದೆಮಟ್ಟಕ್ಕೆ ಹಲಗೆ ಬಡಿದು ತಡೆ ಮಾಡಿ, ಕೊಳವೆಯನ್ನು ಒಳಗೆ ತೂರಿಸಿ ಮೊದಲು ಈ ಮೂಲೆಗೆ, ಆಮೇಲೆ ಆ ಮೂಲೆಗೆ ಕಾಳು ಎರಚಬೇಕು. ಒಳಗೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಲಿಕೆಯಲ್ಲಿ ಹರವಬೇಕು. ಒಂದು ಡಬ್ಬಿಗೆ ಹೆಚ್ಚುಕಡಿಮೆ ಐವತ್ತು ಟನ್. ತುಂಬಿದ ಡಬ್ಬಿ ಸರಿಸಿ ಖಾಲಿಯದನ್ನು ಕೊಳವೆಯಡಿಗೆ ತರಲು ಎಂಜಿನ್‌ಗೆ ಕಾಯುವಂತಿಲ್ಲ. ಗಾಲಿಯಡಿ ಹಾರೆ ಕೊಟ್ಟು ಮೀಟಿ ಮೀಟಿ ಇಂಚಿಂಚಾಗಿ ತಳ್ಳುತ್ತಿದ್ದರು. ಸಂಜೆ ಕರೆಂಟ್ ಎಂಜಿನ್ ಬಂದು, ತಂತಿಗೆ ಕೋಲು ತಾಗಿಸಿಕೊಂಡು, ತುಂಬಿದ್ದನ್ನೆಲ್ಲ ಎಳೆದುಕೊಂಡು ಸೇಂಟ್ ಲೂಯಿಸ್‌ಗೋ ಪಿಯೋರಿಯಾಕ್ಕೋ ಹೊರಡುತ್ತಿತ್ತು. ಪಿಯೋರಿಯಾದಲ್ಲಿ ಜೋಳದ ದೊಡ್ಡ ಗಿರಾಕಿ ವಿಸ್ಕಿ ಭಟ್ಟಿಗಳು.

ಹಾಗಾದರೆ ಕೊಂದವರು ಯಾರು? ಕಾರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಪ್ರಯಾಣಿಕರ ಮಟ್ಟಿಗೆ ಅದು ನಿಜ. 1918ರಲ್ಲಿ ಇಲಿನಾಯ್ ಮತದಾರರು ಕಾಂಕ್ರೀಟ್ ರಸ್ತೆಗಳಿಗಾಗಿ 6 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದರು, 1924ರಲ್ಲಿ ಇನ್ನೂ 10 ಕೋಟಿಗೆ. ಕೆಸರಿನ ಮೇಲೆ ರೈಲಿಗಿದ್ದ ಏಕಸ್ವಾಮ್ಯ ಅಲ್ಲಿಗೆ ಮುಗಿಯಿತು. ಆಮೇಲೆ 1935ರಲ್ಲಿ ವಿದ್ಯುತ್ ಹೋಲ್ಡಿಂಗ್ ಕಂಪನಿಗಳನ್ನು, ಅಂದರೆ ಹಲವು ಕಂಪನಿಗಳನ್ನು ಒಂದೇ ಒಡೆತನದಡಿ ಇಟ್ಟುಕೊಂಡ ಕಂಪನಿಗಳನ್ನು, ಒಡೆಯುವ ಕಾನೂನು ಬಂತು. ದೀಪದ ಲಾಭದಲ್ಲಿ ರೈಲಿನ ನಷ್ಟ ಸರಿದೂಗಿಸುತ್ತಿದ್ದ ಕುಟುಂಬಗಳು ಆಸ್ತಿ ಪಾಲು ಮಾಡಿಕೊಂಡು ಬೇರೆಯಾಗಬೇಕಾಯಿತು. 1948-49ರಲ್ಲಿ ಇಲಿನಾಯ್ ಟರ್ಮಿನಲ್ ಮೂರು ಹೊಳೆಯುವ ಹೊಸ ಪ್ರಯಾಣಿಕ ರೈಲುಗಳನ್ನು ಕೊಂಡಿತು. ನೋಡಲು ಚೆಂದ, ಆದರೆ ಊರೊಳಗಿನ ತಿರುವುಗಳ ಮುಂದೆ ಅವೂ ಹಳೆಯವೇ. ಅಷ್ಟು ದುಡ್ಡು ಗೂಡ್ಸ್ ಕಡೆ ಹಾಕಬೇಕಿತ್ತು ಎಂಬುದು ನನ್ನ ಎಣಿಕೆ. ಎಪ್ಪತ್ತು ವರ್ಷದ ನಂತರ ಹೇಳುವುದು ಸುಲಭ. 1956ರ ಮಾರ್ಚ್ 3ರಂದು ಸ್ಪ್ರಿಂಗ್‌ಫೀಲ್ಡ್-ಸೇಂಟ್ ಲೂಯಿಸ್ ನಡುವೆ ಕೊನೆಯ ಇಂಟರ್‌ಅರ್ಬನ್ ಓಡಿತು. ನದಿಯ ಆಚೀಚೆ ಓಡುತ್ತಿದ್ದ ಗ್ರಾನೈಟ್ ಸಿಟಿಯ ಟ್ರಾಮು 1958ರಲ್ಲಿ ನಿಂತಿತು.

ಗೂಡ್ಸ್ ನಿಲ್ಲಲಿಲ್ಲ. ಡೀಸೆಲ್ ಎಂಜಿನ್‌ಗೆ ತಂತಿ ಬೇಡ, ಸಬ್‌ಸ್ಟೇಷನ್ ಬೇಡ, ಕಾವಲಿನವನೂ ಬೇಡ. ತಾಮ್ರದ ತಂತಿ ಬಿಚ್ಚಿ ಮಾರಿದರು. 1956ರಲ್ಲಿ ಕಂಪನಿಯನ್ನು ಕೊಂಡವರು ಹಲವು ದೊಡ್ಡ ರೈಲು ಕಂಪನಿಗಳು, ಒಟ್ಟಾಗಿ. ಅಂದರೆ ಒಂದು ಕಾಲದಲ್ಲಿ ಡಬ್ಬಿ ಕೊಡಲು ಮೂಗು ಮುರಿದ ಹಬೆ ರೈಲಿನವರೇ. ಅವರ ಹಳಿ ಪಕ್ಕದಲ್ಲೇ ಇರುವಾಗ ಇದರ ಹಳಿಯನ್ನು ಯಾಕೆ ಸಾಕಬೇಕು? ಒಂದೊಂದೇ ತುಂಡನ್ನು ಕಿತ್ತು, ಇದರ ರೈಲುಗಳನ್ನು ಬಾಡಿಗೆ ಕೊಟ್ಟು ಅವರ ಹಳಿಯ ಮೇಲೆ ಓಡಿಸಿದರು. 1981ರಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿ ಉಳಿದದ್ದನ್ನೂ ಕೊಂಡುಕೊಂಡಿತು.

ಇದರ ಜೊತೆಗೇ ಕಾಳಿನ ಲೆಕ್ಕವೂ ಬದಲಾಯಿತು, ಸಣ್ಣ ಎಲಿವೇಟರಿಗೆ ಪೆಟ್ಟು ಬಿದ್ದದ್ದು ಇದರಿಂದ. 1960ರ ದಶಕದಲ್ಲಿ ನೂರು ಟನ್ ಹಿಡಿಯುವ ಹಾಪರ್ ಡಬ್ಬಿಗಳು ಬಂದವು: ಮೇಲಿಂದ ಸುರಿ, ಕೆಳಗಿಂದ ಬಿಡು, ಸಲಿಕೆಯವನೇ ಬೇಡ. ಆ ದಶಕದ ಕೊನೆಗೆ ಇಲಿನಾಯ್ ಸೆಂಟ್ರಲ್ ಡಬ್ಬಿಗಳ ಬದಲು ಇಡೀ ರೈಲನ್ನೇ ಬಾಡಿಗೆಗೆ ಕೊಡತೊಡಗಿತು. ಒಂದೇ ಜಾಗದಲ್ಲಿ ನಿಂತು ಇಡೀ ರೈಲು ತುಂಬಿಸಬಲ್ಲವನಿಗೆ ಅಗ್ಗದ ದರ. ಎರಡು ಡಬ್ಬಿ ಕೇಳುವವನಿಗೆ ದುಬಾರಿ. ಕುದುರೆ ಗಾಡಿಯ ಲೆಕ್ಕದಲ್ಲಿ ಹುಟ್ಟಿದ ಹಳ್ಳಿಯ ಎಲಿವೇಟರ್ ಎರಡು ಡಬ್ಬಿಯವನು. ರೈತನೂ ಲಾರಿ ಕೊಂಡ. ಮೂವತ್ತು ನಲವತ್ತು ಕಿಲೋಮೀಟರ್ ದೂರದ ದೊಡ್ಡ ಕಾಂಕ್ರೀಟ್ ಸೈಲೋಗೋ, ಡಿಕೇಟರ್‌ನ ಸೋಯಾ ಕಾರ್ಖಾನೆಗೋ, ನದಿಯ ದೋಣಿ ಕಟ್ಟೆಗೋ ನೇರ ಒಯ್ದ.

ಎಲಿವೇಟರುಗಳು ಹೇಗೆ ಉಳಿದವೆಂದು ಕೇಳಿದರೆ, ಎಲ್ಲವೂ ಉಳಿಯಲಿಲ್ಲ. ಬಹಳಷ್ಟು ಸುಟ್ಟುಹೋದವು, ಕೆಲವನ್ನು ಹಲಗೆಯ ಆಸೆಗೆ ಕಳಚಿದರು. ಉಳಿದವು ಉಳಿದದ್ದು ಹಳಿಗಿಂತ ಸುಲಭವಾಗಿ ಅವು ಯಜಮಾನನನ್ನು ಬದಲಿಸಬಲ್ಲವಾದ್ದರಿಂದ. ಹಳಿ ನೂರು ಕಿಲೋಮೀಟರ್ ಇಡಿಯಾಗಿ ಇದ್ದರೆ ಮಾತ್ರ ಹಳಿ. ನಡುವೆ ಒಂದು ಮೈಲಿ ಕಿತ್ತರೂ ಉಳಿದದ್ದು ಗುಜರಿ. ಕಣಜಕ್ಕೆ ಹಾಗಿಲ್ಲ, ತನ್ನ ಜಾಗದಲ್ಲಿ ತಾನಿದ್ದರೆ ಸಾಕು. ಡಬ್ಬಿಯ ಬದಲು ಲಾರಿ ಬಂದರೆ ಲಾರಿಗೇ ತುಂಬುತ್ತದೆ, ಅಥವಾ ಪಕ್ಕದಲ್ಲಿ ಉಕ್ಕಿನ ದುಂಡನೆಯ ಗೂಡುಗಳು ಎದ್ದರೆ ಅವುಗಳಿಗೆ ಮೊಗೆದು ಕೊಡುವ ಕೆಲಸಕ್ಕೆ ಇಳಿಯುತ್ತದೆ. ಮಾಂಟಿಸೆಲೊ ಊರಿನ ಹತ್ತಿರ ಈ ಹಳಿಯದೇ ಒಂದು ತುಂಡನ್ನು ರೈಲ್ವೆ ಮ್ಯೂಸಿಯಂನವರು ಉಳಿಸಿಕೊಂಡು ರಜಾದಿನಗಳಲ್ಲಿ ರೈಲು ಓಡಿಸುತ್ತಾರೆ. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಮೇಲೆ ತಂತಿಯಿಲ್ಲ, ಡೀಸೆಲ್ ಎಳೆಯುತ್ತದೆ.

ಸುಗ್ಗಿಯ ಹೊತ್ತಿಗೆ, ಅಕ್ಟೋಬರಿನಲ್ಲಿ, ಆ ಹಳ್ಳಿಗೆ ಮತ್ತೆ ಹೋದೆ. ಹಳೆಯ ತಗಡಿನ ಎಲಿವೇಟರಿನ ಪಕ್ಕದ ಹೊಸ ಉಕ್ಕಿನ ಗೂಡುಗಳ ಮುಂದೆ ಲಾರಿಗಳ ಸಾಲು. ತೂಕದ ಕಟ್ಟೆಯ ಮೇಲೆ ಲಾರಿ ನಿಂತಾಗ ಒಂದು ಉದ್ದನೆಯ ಯಂತ್ರದ ತೋಳು ಇಳಿದು ಕಾಳಿನ ಮಾದರಿ ಹೀರಿಕೊಳ್ಳುತ್ತದೆ; ತೇವ ಹೆಚ್ಚಿದ್ದರೆ ದರ ಇಳಿಯುತ್ತದೆ. ಕಿಟಕಿಯ ಬಳಿ ನಿಂತ ರೈತನ ಮುಖ ನೋಡಿದರೆ ಸಾಕು, ಭಾಷೆ ಬರಬೇಕಾಗಿಲ್ಲ. ದಾವಣಗೆರೆಯಲ್ಲೂ ತೇವದ ಮೀಟರಿನ ಮುಂದೆ ಇದೇ ಮುಖ. ನಾನು ರಸ್ತೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ತೂಕ ಮುಗಿಸಿ ಹೊರಬರುವ ಒಂದೊಂದು ಲಾರಿಯೂ ಡಾಂಬರಿನ ಒಂದೇ ಜಾಗದಲ್ಲಿ ದಡಕ್ ಎಂದು ಕುಲುಕುತ್ತಿತ್ತು, ಒಂದೂವರೆ ಮೀಟರ್ ಮುಂದೆ ಇನ್ನೊಂದು ದಡಕ್. ಸಾಲು ಮುಗಿದ ಮೇಲೆ ಹೋಗಿ ಬಗ್ಗಿ ನೋಡಿದೆ. ಡಾಂಬರು ಎರಡು ಗೆರೆಯಾಗಿ ಬಿರುಕುಬಿಟ್ಟಿತ್ತು. ಬಿರುಕಿನೊಳಗೆ, ಲಾರಿಯ ಚಕ್ರ ಉಜ್ಜಿ ಉಜ್ಜಿ ಬೆಳ್ಳಗಾದ ಕಬ್ಬಿಣ.